ಜಾಲತಾಣದ ವಿದ್ಯೆಯೂ ವಿಕಲಚೇತನ ವಿದ್ಯಾರ್ಥಿಯೂ

ವಿದ್ಯಾದಾನವು ಎಲ್ಲ ದಾನಗಳಿಗಿಂತ ಮಿಗಿಲಾದುದೆಂದು ನಮ್ಮಲ್ಲಿ ಹೇಳುವ ವಾಡಿಕೆಯುಂಟು. ಸಮಾರಂಭಗಳ ವೇದಿಕೆಯ ಮೇಲಿಂದ ಈ ಮಾತನ್ನು ವರ್ಷಕ್ಕೆ ನಾಲ್ಕು ಬಾರಿಯಾದರೂ ಕೇಳುವ ಸುಯೋಗ ಕಾಲೇಜು ವಿದ್ಯಾರ್ಥಿಗಳಾದ ನಮಗೆಲ್ಲ ಒದಗುತ್ತದೆ. ಆದರೆ ಊಟಕ್ಕೆ ಕರೆದವನು ಎಲೆಯನ್ನು ಅಟ್ಟದ ಮೇಲೆ ಹಾಕಿಸಿ, ‘ಯಾರು ಬೇಕಾದರೂ ಬಂದು ಉಣ್ಣಬಹುದು, ನಮ್ಮ ಮನೆಯ ಬಾಗಿಲನ್ನು ನಾವು ಮುಚ್ಚಿಲ್ಲ’ ಎಂದು ಸಾರಿದರೆ, ಏಣಿ ಹತ್ತಲಾರದವನ ಪಾಲಿಗೆ ಆ ಊಟ ಇದ್ದೂ ಇಲ್ಲದಂತೆಯೇ ಅಲ್ಲವೆ? ಇಂದು ವಿಶ್ವವಿದ್ಯಾನಿಲಯಗಳು ಜಾಲತಾಣಗಳ ಮೂಲಕ ನಡೆಸುತ್ತಿರುವ ವಿದ್ಯಾದಾನದಲ್ಲಿ ಇಂತಹ ಅಟ್ಟದೂಟಗಳು ಬಹಳವಾಗಿವೆ. ಅವುಗಳ ವಿಷಯವಾಗಿ ನನಗೆ ತೋಚಿದ ನಾಲ್ಕು ಮಾತನ್ನು ಸಹಪಾಠಿಗಳ ಮತ್ತು ಗುರುವರ್ಗದವರ ಮುಂದಿಡಬೇಕೆಂಬುದು ಈ ಲೇಖನದ ಉದ್ದೇಶ.

ಇದು ಕಂಪ್ಯೂಟರ್ ವಿಭಾಗದವರ ವಿಷಯ, ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಪ್ರವೇಶದ ಅರ್ಜಿ, ಪರೀಕ್ಷೆಯ ಶುಲ್ಕ, ವೇಳಾಪಟ್ಟಿ, ಟಿಪ್ಪಣಿ, ಉಪನ್ಯಾಸ, ಫಲಿತಾಂಶ, ವಿದ್ಯಾರ್ಥಿವೇತನ ಇವೆಲ್ಲವೂ ಜಾಲತಾಣಕ್ಕೆ ಹೋಗಿ ಕುಳಿತ ಮೇಲೆ ಅದು ಯಂತ್ರದ ವಿಷಯವಾಗಿ ಮಾತ್ರ ಉಳಿಯಲಿಲ್ಲ. ಯಾರು ಕಾಲೇಜಿನ ಒಳಗೆ, ಯಾರು ಹೊರಗೆ ಎಂಬುದನ್ನು ಈಗ ಅದೇ ತೀರ್ಮಾನಿಸುತ್ತದೆ. ಕಾಣದವರು, ಕೇಳದವರು, ಕೈ ನಡುಗುವುದರಿಂದ ಮೌಸ್ ಹಿಡಿಯಲಾರದವರು, ಒತ್ತೊತ್ತಾದ ಸಾಲುಗಳನ್ನು ಓದುವಾಗ ಅಕ್ಷರಗಳು ಕಲಸಿಹೋಗುವವರು ಇವರನ್ನು ನೆನಪಿನಲ್ಲಿಟ್ಟುಕೊಂಡು ತಾಣವನ್ನು ಕಟ್ಟಿದರೆ ಅವರು ಒಳಗೆ. ಮರೆತು ಕಟ್ಟಿದರೆ ಹೊರಗೆ. (ಇವರನ್ನು ಏನೆಂದು ಕರೆಯಬೇಕೆಂಬ ಚರ್ಚೆ ಮಾತ್ರ ನಮ್ಮಲ್ಲಿ ಜೋರಾಗಿ ನಡೆದಿದೆ. ಅಂಗವಿಕಲರು ಎಂದೆವು, ವಿಕಲಚೇತನರು ಎಂದೆವು, ವಿಶೇಷಚೇತನರು ಎಂದೆವು, ದಿವ್ಯಾಂಗರು ಎಂದೆವು. ಹೆಸರು ನಾಲ್ಕು ಬಾರಿ ಬದಲಾಯಿತು. ಮೆಟ್ಟಿಲು ಇದ್ದಲ್ಲಿಯೇ ಇದೆ.)

ಈ ಪ್ರಶ್ನೆಯು ಪ್ರಖರವಾಗಿ ಎದ್ದುದು ನಮ್ಮ ದೇಶದಲ್ಲಲ್ಲ, ಅಮೆರಿಕದಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ವಿದ್ಯಾಕ್ಷೇತ್ರವು ತನ್ನ ತರಗತಿಗಳಲ್ಲಿ ನಡೆದ ಉಪನ್ಯಾಸಗಳನ್ನು ಅನೇಕ ವರ್ಷಗಳ ಕಾಲ ಮುದ್ರಿಸಿ, ಯೂಟ್ಯೂಬಿನಲ್ಲಿಯೂ ಇತರ ತಾಣಗಳಲ್ಲಿಯೂ ಲೋಕಕ್ಕೆಲ್ಲ ಪುಕ್ಕಟೆಯಾಗಿ ಕೊಟ್ಟಿತ್ತು. ಎಲ್ಲಿಯೋ ಇರುವ ಬಡ ವಿದ್ಯಾರ್ಥಿಯು ಬರ್ಕ್ಲಿಯ ಪ್ರಾಧ್ಯಾಪಕರ ಮಾತನ್ನು ಮನೆಯಲ್ಲಿಯೇ ಕುಳಿತು ಕೇಳಬಹುದಾಗಿತ್ತು. ಇದು ನಿಜಕ್ಕೂ ದೊಡ್ಡ ಕಾರ್ಯ. ಆದರೆ ಆ ಉಪನ್ಯಾಸಗಳಲ್ಲಿ ಬಹುಪಾಲಿಗೆ ಅಡಿಬರಹವಿರಲಿಲ್ಲ. ಕೆಲವಕ್ಕೆ ಯಂತ್ರವು ತಾನಾಗಿಯೇ ಹಾಕಿದ ಅಡಿಬರಹವಿದ್ದರೂ ಅದು ತಪ್ಪುಗಳಿಂದ ತುಂಬಿತ್ತು. ಕಿವಿ ಕೇಳದವನಿಗೆ ಪರದೆಯ ಮೇಲೆ ತುಟಿಯಾಡಿಸುವ ಒಬ್ಬ ಮನುಷ್ಯ ಕಾಣುತ್ತಾನೆ, ಅಷ್ಟೆ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘವು 1880ರಷ್ಟು ಹಿಂದೆಯೇ ಹುಟ್ಟಿದ ಸಂಸ್ಥೆ. ಅದು ಕಿವುಡರಿಗಾಗಿಯೇ ಇರುವ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾನಿಲಯದ ಇಬ್ಬರು ನೌಕರರ ಪರವಾಗಿ ಅಲ್ಲಿನ ನ್ಯಾಯ ಇಲಾಖೆಗೆ ದೂರು ಕೊಟ್ಟಿತು. ಇಲಾಖೆಯವರು ವಿಚಾರಣೆ ಮಾಡಿ, 2016ರ ಆಗಸ್ಟಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆದರು. ಅಡಿಬರಹದ ಕೊರತೆ, ಅಂಧರ ಓದುಯಂತ್ರಕ್ಕೆ ಸಿಗದ ದಸ್ತಾವೇಜುಗಳು, ಬರಿಯ ಚಿತ್ರದಲ್ಲಿ ತೋರಿಸಿ ಮಾತಿನಲ್ಲಿ ಹೇಳದ ಸಂಗತಿಗಳು, ಹಿನ್ನೆಲೆಯಲ್ಲಿ ಕರಗಿಹೋಗುವ ಮಸುಕು ಬಣ್ಣದ ಅಕ್ಷರಗಳು ಇವೆಲ್ಲವೂ 1990ರ ಅಮೆರಿಕದ ವಿಕಲಚೇತನರ ಕಾನೂನಿಗೆ ವಿರೋಧವೆಂದು ಅದರಲ್ಲಿ ತಿಳಿಸಿದರು.

ವಿಶ್ವವಿದ್ಯಾನಿಲಯವು ಏನು ಮಾಡಿತು? 2017ರ ಮಾರ್ಚಿನಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ಧ್ವನಿ ಮತ್ತು ದೃಶ್ಯ ಮುದ್ರಣಗಳನ್ನು ಸಾರ್ವಜನಿಕರಿಂದ ಹಿಂತೆಗೆದುಕೊಂಡು, ತನ್ನ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಮಾತ್ರ ನೋಡುವಂತೆ ಬೀಗ ಹಾಕಿತು! ಹೊಸದಾಗಿ ಮಾಡುವುದನ್ನು ಎಲ್ಲರಿಗೂ ಎಟಕುವಂತೆ ಮಾಡುವೆವೆಂದೂ, ಹಳೆಯದನ್ನು ಸರಿಪಡಿಸುವ ವೆಚ್ಚ ಅಪಾರವೆಂದೂ ಅದರ ಸಮಾಧಾನ.

ಆಗ ಅನೇಕರ ಸಿಟ್ಟು ಯಾರ ಮೇಲೆ ತಿರುಗಿತೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ಬೀಗ ಹಾಕಿದವರಿಗಿಂತ ಹೆಚ್ಚಾಗಿ ದೂರು ಕೊಟ್ಟವರ ಮೇಲೆ. ‘ಇಬ್ಬರಿಗೆ ಕೇಳಿಸಲಿಲ್ಲವೆಂದು ಲಕ್ಷಾಂತರ ಜನಕ್ಕೆ ತಪ್ಪಿಹೋಯಿತಲ್ಲ’ ಎಂದರು. ಮೇಲುನೋಟಕ್ಕೆ ಈ ಮಾತು ಸರಿಯೆಂದೇ ಕಾಣುತ್ತದೆ. ಕೆಲವರಿಗಾದರೂ ಸಿಗುವುದು ಯಾರಿಗೂ ಸಿಗದಿರುವುದಕ್ಕಿಂತ ಮೇಲಲ್ಲವೆ? ನಾನೂ ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕಲಾರೆ. ಏಕೆಂದರೆ ಪುಕ್ಕಟೆ ಉಪನ್ಯಾಸಗಳಿಂದ ಪ್ರಯೋಜನ ಪಡೆಯುವ ಲಕ್ಷಾಂತರ ಜನರಲ್ಲಿ ನನ್ನಂತಹವರೇ ಹೆಚ್ಚು. ಟ್ಯೂಷನ್ನಿಗೆ ಹಣವಿಲ್ಲದೆ, ಮೊಬೈಲಿನಲ್ಲಿ ಸಿಕ್ಕ ಪಾಠವನ್ನೇ ಮೂರು ಬಾರಿ ಕೇಳಿ ಪರೀಕ್ಷೆ ಬರೆದವರ ಪೈಕಿ ನಾನೂ ಒಬ್ಬ. ನಾಳೆ ಆ ಪಾಠಗಳಿಗೆ ಬೀಗ ಬಿದ್ದರೆ ನಷ್ಟ ನನಗೇ.

ಆದರೂ ದೂರು ಕೊಟ್ಟವರದು ತಪ್ಪೆಂದು ನಾನು ಹೇಳಲಾರೆ. ಬೀಗ ಹಾಕಿರೆಂದು ಅವರೂ ಕೇಳಲಿಲ್ಲ, ಸರ್ಕಾರವೂ ಅಪ್ಪಣೆ ಮಾಡಲಿಲ್ಲ. ತಮಗೂ ಕೊಡಿರೆಂದು ಅವರು ಕೇಳಿದರು. ಯಾರಿಗೂ ಕೊಡುವುದಿಲ್ಲವೆಂದು ನಿಶ್ಚಯಿಸಿದವರು ಬೇರೆ. ಇತಿಹಾಸದ ವಿದ್ಯಾರ್ಥಿಯಾದುದರಿಂದ ನನಗೆ ಇಲ್ಲಿ ಅದೇ ದೇಶದ ಇನ್ನೊಂದು ಪ್ರಸಂಗ ನೆನಪಿಗೆ ಬರುತ್ತದೆ. 1960ರ ದಶಕದಲ್ಲಿ, ನಗರದ ಈಜುಕೊಳಗಳಲ್ಲಿ ಕರಿಯರಿಗೂ ಬಿಳಿಯರಿಗೂ ಭೇದ ಮಾಡಕೂಡದೆಂಬ ಪರಿಸ್ಥಿತಿ ಬಂದಾಗ, ಮಿಸಿಸಿಪ್ಪಿಯ ಜಾಕ್ಸನ್ ನಗರದವರು ಕೊಳಗಳನ್ನೇ ಮುಚ್ಚಿಬಿಟ್ಟರು. ಎಲ್ಲರಿಗೂ ಸಮನಾಗಿ ಮುಚ್ಚಿದ್ದರಿಂದ ಅದು ಭೇದವಲ್ಲವೆಂದು ಅಲ್ಲಿನ ಸುಪ್ರೀಮ್ ಕೋರ್ಟು 1971ರಲ್ಲಿ ಐದು-ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ಬರ್ಕ್ಲಿಯವರ ಮನಸ್ಸಿನಲ್ಲಿ ಅಂತಹ ದ್ವೇಷವಿತ್ತೆಂದು ನಾನು ಖಂಡಿತ ಹೇಳುತ್ತಿಲ್ಲ. ಅವರಿಗೆ ಇದ್ದುದು ಖರ್ಚಿನ ಭಯ. ಆದರೆ ಕೊಳ ಮುಚ್ಚಿದ ದಿನ ಬೈಗುಳ ತಿಂದವರು ನೀರು ಕೇಳಿದವರೇ ಎಂಬಲ್ಲಿ ಎರಡು ಕಥೆಗಳೂ ಒಂದೇ.

ಬರ್ಕ್ಲಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ನ್ಯಾಯ ಇಲಾಖೆಯೂ ವಿಶ್ವವಿದ್ಯಾನಿಲಯವೂ ಒಂದು ಒಪ್ಪಂದಕ್ಕೆ ಬಂದವು. ಸಾರ್ವಜನಿಕರಿಗೆ ಕೊಡುವ ಪಾಠಗಳನ್ನೂ ಉಪನ್ಯಾಸಗಳನ್ನೂ ವಿಕಲಚೇತನರಿಗೂ ಎಟಕುವಂತೆ ಮಾಡುವೆವೆಂದು ವಿಶ್ವವಿದ್ಯಾನಿಲಯ ಒಪ್ಪಿಕೊಂಡಿತು. ಇದೇ ಸಂಘವು ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳ ಮೇಲೆ 2015ರಲ್ಲಿ ಹೂಡಿದ್ದ ದಾವೆಗಳೂ 2019ರಲ್ಲಿ ಒಂದು, 2020ರಲ್ಲಿ ಒಂದು, ರಾಜಿಯಲ್ಲಿ ಮುಗಿದು, ಅಡಿಬರಹ ಹಾಕುವ ಕರಾರಾಯಿತು. ಎಂದರೆ ಆಗದೆಂದ ಕೆಲಸ ಕಡೆಗೂ ಆಗುವಂಥದೇ ಆಯಿತು. ಜಾಲತಾಣಗಳನ್ನು ಎಲ್ಲರಿಗೂ ಎಟಕುವಂತೆ ಕಟ್ಟುವುದು ಹೇಗೆಂಬ ಮಾರ್ಗಸೂಚಿಯನ್ನು ಲೋಕದ ಜಾಲತಾಣಗಳ ಒಕ್ಕೂಟವು 1999ರಷ್ಟು ಹಿಂದೆಯೇ ಪ್ರಕಟಿಸಿತ್ತು. 2008, 2018, 2023ರಲ್ಲಿ ಅದನ್ನು ಪರಿಷ್ಕರಿಸಿತು. ಅದನ್ನು ಮೊದಲಿಂದಲೇ ಅನುಸರಿಸಿದ್ದರೆ ಇಪ್ಪತ್ತು ಸಾವಿರದ ರಾಶಿ ಒಮ್ಮೆಗೇ ತಲೆಯ ಮೇಲೆ ಬೀಳುತ್ತಿರಲಿಲ್ಲ. ಮನೆ ಕಟ್ಟಿ, ಗಿಲಾವು ಮಾಡಿ, ಸುಣ್ಣ ಬಳಿದ ಮೇಲೆ ಗೋಡೆಯಲ್ಲಿ ಬಾಗಿಲು ಕೊರೆಸಲು ಹೋದರೆ ಗಾರೆಯವನು ದುಬಾರಿ ಕೂಲಿ ಕೇಳದೆ ಇರುತ್ತಾನೆಯೆ?

ಇನ್ನು ನಮ್ಮ ನಾಡಿಗೆ ಬರೋಣ. ಕಣ್ಣಿಲ್ಲದವನು ಜಾಲತಾಣವನ್ನು ಓದುವುದು ಹೇಗೆಂಬುದನ್ನು ತಿಳಿಯದೆ ಇದರ ಮರ್ಮ ತಿಳಿಯದು. ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳುಂಟು. ಅವುಗಳಲ್ಲಿ ಎನ್.ವಿ.ಡಿ.ಎ. ಎಂಬುದು ಪುಕ್ಕಟೆಯಾದುದು, 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅದನ್ನು ಆರಂಭಿಸಿ, ಗೆಳೆಯ ಜೇಮ್ಸ್ ಟೆ ಅವರೊಡನೆ ಬೆಳೆಸಿದರು, ಇಬ್ಬರೂ ಅಂಧರೇ. ಅದು ಕನ್ನಡವನ್ನೂ ಓದುತ್ತದೆ. ಅದರ ಧ್ವನಿಗೆ ನಮ್ಮ ಆಕಾಶವಾಣಿಯವರ ಕಂಠಮಾಧುರ್ಯವಿಲ್ಲ ನಿಜ. ಆದರೆ ಅಭ್ಯಾಸವಾದವರು ಅದನ್ನು ಎಷ್ಟು ವೇಗದಲ್ಲಿ ಓಡಿಸುತ್ತಾರೆಂದರೆ ನಮಗೆ ಒಂದು ಪದವೂ ಹಿಡಿತಕ್ಕೆ ಸಿಗುವುದಿಲ್ಲ.

ಈ ಯಂತ್ರವು ಓದುವುದು ಕಣ್ಣಿಗೆ ಕಾಣುವ ಆಕಾರವನ್ನಲ್ಲ, ಒಳಗೆ ಶೇಖರವಾಗಿರುವ ಸಂಕೇತವನ್ನು. ಇಲ್ಲಿಯೇ ಕನ್ನಡಕ್ಕೆ ಬಂದ ದೊಡ್ಡ ತೊಡಕು. ಬಹುಕಾಲ ನಮ್ಮ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಕನ್ನಡವನ್ನು ಬೆರಳಚ್ಚು ಮಾಡಿದುದು ಹಳೆಯ ಅಕ್ಷರವಿನ್ಯಾಸಗಳಲ್ಲಿ. ಅಲ್ಲಿ ಕಾಣುವುದು ಕನ್ನಡವಾದರೂ ಒಳಗೆ ಇರುವುದು ಬೇರೆ. ಹಳೆಯ ‘ನುಡಿ’ಯಲ್ಲಿ ‘ಕನ್ನಡ’ ಎಂಬ ಮೂರಕ್ಷರವನ್ನು ಅಚ್ಚು ಮಾಡಿದರೆ ಯಂತ್ರದ ಹೊಟ್ಟೆಯಲ್ಲಿ ಕೂರುವುದು ಏನು ಗೊತ್ತೆ? ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟುಳ್ಳ ಒಂದು ‘ಎ’, ಬ್ರಿಟಿಷರ ಪೌಂಡು ಹಣದ ಗುರುತು, ಮತ್ತೊಂದು ‘ಎ’, ಜರ್ಮನರ ಒಂದಕ್ಷರ, ಒಂದು ‘ಕ್ಯೂ’, ಕಡೆಗೆ ಮತ್ತೆ ಅದೇ ‘ಎ’. ಕಣ್ಣುಳ್ಳವನು ‘ಕನ್ನಡ’ ಎಂದು ಓದಿದಲ್ಲಿ ಕಣ್ಣಿಲ್ಲದವನ ಕಿವಿಗೆ ಬೀಳುವುದು ಈ ಸಂತೆ! ಲೋಕದ ಭಾಷೆಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಅದರಲ್ಲಿ ಬರೆದುದು ಎಲ್ಲಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ. ‘ನುಡಿ’ಯಲ್ಲಿಯೂ ಈಗ ಯೂನಿಕೋಡಿಗೆ ಅವಕಾಶವುಂಟು. ಆದರೂ ಹಳೆಯ ಸಂಕೇತದಲ್ಲಿಯೇ ಅಚ್ಚು ಮಾಡಿ ತಾಣಕ್ಕೇರಿಸುವ ಪದ್ಧತಿ ಪೂರ್ತಿ ನಿಂತಿಲ್ಲ.

ಇದಕ್ಕಿಂತಲೂ ಕಠಿಣವಾದುದು ಕಾಗದದ ಚಿತ್ರ. ಒಂದು ಪ್ರಕಟಣೆಯನ್ನು ಅಚ್ಚು ಮಾಡುವುದು, ಸಹಿ ಹಾಕಿ ಮೊಹರು ಒತ್ತುವುದು, ಆಮೇಲೆ ಅದರ ಪಡಿಯಚ್ಚನ್ನು ಯಂತ್ರದಲ್ಲಿ ತೆಗೆದು ತಾಣಕ್ಕೆ ಹಾಕುವುದು ಎಲ್ಲೆಲ್ಲಿಯೂ ನಡೆದುಬಂದ ಕ್ರಮ. ಆ ಪುಟದಲ್ಲಿ ಓದುಯಂತ್ರದ ಪಾಲಿಗೆ ಒಂದಕ್ಷರವೂ ಇಲ್ಲ. ನನ್ನ ಸಹಪಾಠಿಯೊಬ್ಬನಿಗೆ ಹುಟ್ಟಿನಿಂದ ದೃಷ್ಟಿಯಿಲ್ಲ. (ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡವೆಂದ.) ಕಳೆದ ವರ್ಷ ಒಂದು ವಿದ್ಯಾರ್ಥಿವೇತನದ ಪ್ರಕಟಣೆ ಹೀಗೆಯೇ ಚಿತ್ರವಾಗಿ ಬಂದಿತು. ಅವನ ಮೊಬೈಲು ‘ಚಿತ್ರ’ ಎಂದು ಒಂದೇ ಮಾತು ಹೇಳಿ ಸುಮ್ಮನಾಯಿತು. ಯಾವುದೋ ಸಮಾರಂಭದ ಫೋಟೋ ಇರಬೇಕೆಂದು ಅವನೂ ಸುಮ್ಮನಾದ. ಕಡೆಯ ತಾರೀಖು ಕಳೆದ ಮೇಲೆ ಹಾಸ್ಟೆಲಿನಲ್ಲಿ ಮಾತು ಬಂದಾಗ ಸಂಗತಿ ತಿಳಿಯಿತು. ಆ ವೇತನ ವಿಕಲಚೇತನ ವಿದ್ಯಾರ್ಥಿಗಳಿಗಾಗಿಯೇ ಇದ್ದುದು ಎಂಬುದನ್ನು ಬೇರೆ ಹೇಳಬೇಕೆ? ನಾವು ಮರುಗಿದಾಗ ಅವನೆಂದ: ‘ನನಗೆ ಕಣ್ಣಿಲ್ಲದ್ದು ಹುಟ್ಟಿನಿಂದ ಕಣೋ, ಅದು ಅಭ್ಯಾಸವಾಗಿ ಹೋಗಿದೆ. ಆ ನೋಟೀಸಿಗೆ ಅಕ್ಷರ ಇಲ್ಲದ್ದು ಮಾತ್ರ ಯಾರೋ ಮಾಡಿದ್ದು.’

ಅವನ ಜೊತೆ ಕುಳಿತು ನೋಡಿದ ಮೇಲೆ ನನಗೆ ಹಲವು ಸಣ್ಣ ಸಂಗತಿಗಳು ತಿಳಿದುವು. ಪುಟದಲ್ಲಿ ತಲೆಬರಹವನ್ನು ತಲೆಬರಹವೆಂದೇ ಗುರುತಿಸಿ ಬರೆದಿದ್ದರೆ ಅವನು ‘ಎಚ್’ ಎಂಬ ಒಂದು ಕೀಲಿಯನ್ನೊತ್ತಿ ಒಂದರಿಂದ ಇನ್ನೊಂದಕ್ಕೆ ಹಾರುತ್ತಾನೆ, ನಾವು ಕಣ್ಣಾಡಿಸಿದಂತೆಯೇ. ಬರಿದೆ ಅಕ್ಷರವನ್ನು ದಪ್ಪಮಾಡಿ ಬಿಟ್ಟಿದ್ದರೆ ಮೊದಲಿಂದ ಕಡೆಯವರೆಗೆ ಕೇಳುತ್ತ ಕೂರಬೇಕು. ಕೊಂಡಿಗಳ ಪಟ್ಟಿ ತೆಗೆದರೆ ‘ಇಲ್ಲಿ ಒತ್ತಿ’, ‘ಇಲ್ಲಿ ಒತ್ತಿ’, ‘ಇಲ್ಲಿ ಒತ್ತಿ’ ಎಂದು ಹತ್ತು ಬಾರಿ ಕೇಳಿಸುತ್ತದೆ. ಯಾವ ‘ಇಲ್ಲಿ’ ಯಾವುದಕ್ಕೆಂಬುದು ದೇವರಿಗೇ ಗೊತ್ತು. ಅರ್ಜಿಯ ಖಾನೆಗೆ ಹೆಸರು ಕೊಟ್ಟಿರದಿದ್ದರೆ ಯಂತ್ರವು ‘ಖಾನೆ’, ‘ಖಾನೆ’ ಎನ್ನುತ್ತದೆಯೇ ಹೊರತು ತಂದೆಯ ಹೆಸರನ್ನು ಎಲ್ಲಿ ಬರೆಯಬೇಕು, ಆದಾಯವನ್ನು ಎಲ್ಲಿ ಬರೆಯಬೇಕು ಎಂದು ಹೇಳದು. ಕಡೆಗೆ, ‘ನೀವು ಮನುಷ್ಯರೇ, ಯಂತ್ರವಲ್ಲವಷ್ಟೆ?’ ಎಂದು ಪರೀಕ್ಷಿಸಲು ಸೊಟ್ಟಸೊಟ್ಟಾದ ಅಕ್ಷರಗಳ ಚಿತ್ರವೊಂದು ಬರುತ್ತದೆ. ಅದನ್ನು ನೋಡಿ ಬರೆಯಬೇಕು. ಕಿವಿಯಿಂದ ಕೇಳಿ ಬರೆಯುವ ಬದಲಿ ಏರ್ಪಾಡು ನಾವು ಅರ್ಜಿ ಹಾಕಿದ ಒಂದು ತಾಣದಲ್ಲಿ ಇರಲಿಲ್ಲ. ನನ್ನ ಗೆಳೆಯ ಮನುಷ್ಯನೆಂಬುದನ್ನು ಆ ದಿನ ನಾನು ಅವನ ಪರವಾಗಿ ರುಜುವಾತು ಮಾಡಬೇಕಾಯಿತು!

ನಮ್ಮ ನಾಡಿನ ವಿದ್ಯಾಯೋಜನೆಗಳಲ್ಲಿ ಒಂದನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯವೂ ಕೈಗೂಡಿಸಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಪುಟಪುಟವಾಗಿ ಯಂತ್ರದೊಳಕ್ಕೆ ಹೋದುವು. ಧೂಳು ಹಿಡಿದು ಮಣ್ಣಾಗಬೇಕಾಗಿದ್ದ ಗ್ರಂಥಗಳು ಉಳಿದುವು. ಇಂದು ‘ಇಂಟರ್ನೆಟ್ ಆರ್ಕೈವ್’ ತಾಣದಲ್ಲಿ ಅವು ಯಾರಿಗೂ ದೊರೆಯುತ್ತವೆ. ನಮ್ಮ ಗ್ರಂಥಾಲಯದಲ್ಲಿ ಇಲ್ಲದ ಪುಸ್ತಕವನ್ನು ನಾನು ಅಲ್ಲಿಂದಲೇ ಪಡೆದು ಓದಿದ್ದೇನೆ. ಆ ಮಹನೀಯರಿಗೆ ಕನ್ನಡಿಗರು ಋಣಿಗಳು. ಆದರೆ ಆ ಪುಟಗಳನ್ನು ಹಿಡಿದಿಟ್ಟುದು ಚಿತ್ರವಾಗಿ. ನಾನು ಓದಿದ ಪುಸ್ತಕವನ್ನೇ ನನ್ನ ಗೆಳೆಯನಿಗೆ ಕಳುಹಿಸಿದರೆ ಅದು ಇನ್ನೂರು ಪುಟಗಳ ಮೌನ. ಚಿತ್ರದಿಂದ ಅಕ್ಷರವನ್ನು ಗುರುತಿಸಿ ತೆಗೆಯುವ ವಿದ್ಯೆಯೂ ಈಗ ಬೆಳೆದಿದೆ. ಅದೇ ವಿಜ್ಞಾನ ಸಂಸ್ಥೆಯಲ್ಲಿ ಕನ್ನಡಕ್ಕಾಗಿ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವೇ ತಯಾರಾಗಿದೆ. ಕನ್ನಡ ವಿಕಿಸೋರ್ಸಿನಲ್ಲಿ ಸ್ವಯಂಸೇವಕರು ಹಳೆಯ ಪುಸ್ತಕಗಳನ್ನು ಒಂದೊಂದೇ ಪುಟವಾಗಿ ಅಕ್ಷರಕ್ಕೆ ಇಳಿಸಿ ತಿದ್ದುತ್ತಿದ್ದಾರೆ. ಗ್ರಂಥಸ್ವಾಮ್ಯದ ಭಯವನ್ನು ಕೆಲವರು ಮುಂದೊಡ್ಡುತ್ತಾರೆ. ಓದಲಾರದವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರುವುದಕ್ಕೆ ನಮ್ಮ ಗ್ರಂಥಸ್ವಾಮ್ಯ ಕಾಯಿದೆಯು 2012ರ ತಿದ್ದುಪಡಿಯಲ್ಲಿಯೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಅಂತರರಾಷ್ಟ್ರೀಯ ಮರ್‍ರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದುದು ಭಾರತವೇ. ಹೀಗಿರುವಲ್ಲಿ ಉಳಿದಿರುವುದು ಕೈಯಿಕ್ಕಿ ಕೆಲಸ ಮಾಡುವುದೊಂದೇ.

ಕಾನೂನಿನ ಬಲವೂ ಕಡಮೆಯೇನಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರದ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ಐದಕ್ಕೆ ಕಡಮೆಯಿಲ್ಲದಂತೆ ಸ್ಥಾನಗಳನ್ನು ಕಾದಿರಿಸಿದೆ. ವಿದ್ಯುನ್ಮಾನ ರೂಪದ ಮಾಹಿತಿಯೆಲ್ಲ ಅವರಿಗೆ ಎಟಕುವಂತಿರಬೇಕೆಂದೂ ವಿಧಿಸಿದೆ. 2025ರ ಏಪ್ರಿಲ್ 30ರಂದು ನಮ್ಮ ಸುಪ್ರೀಮ್ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕಿನ ಖಾತೆ ಮುಂತಾದವಕ್ಕೆ ಗುರುತು ತೋರಿಸುವಾಗ ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿದರೆ ಮಾತ್ರ ಆ ವ್ಯಕ್ತಿ ಜೀವಂತವೆಂದು ಒಪ್ಪುವ ಏರ್ಪಾಡು ಇತ್ತು. ಆಮ್ಲದ ದಾಳಿಗೆ ಸಿಕ್ಕಿ ರೆಪ್ಪೆ ಕಳೆದುಕೊಂಡವರು, ದೃಷ್ಟಿಯಿಲ್ಲದವರು ಏನು ಮಾಡಬೇಕು? ಅಂತಹವರ ಅರ್ಜಿಗಳನ್ನು ವಿಚಾರಿಸಿದ ನ್ಯಾಯಾಲಯವು, ಇಂತಹ ಸೇವೆಗಳು ಎಟಕುವಂತಿರುವುದು ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನ ಭಾಗವೆಂದು ಸಾರಿತು. ನಮ್ಮ ರಾಜ್ಯಶಾಸ್ತ್ರದ ತರಗತಿಯಲ್ಲಿ 21ನೆಯ ವಿಧಿಯನ್ನು ಉರು ಹೊಡೆಯುವ ನಾವು ಈ ತೀರ್ಪನ್ನೂ ಒಮ್ಮೆ ಓದಬೇಕು.

‘ಅಂಥವರು ಎಷ್ಟು ಮಂದಿ ಇದ್ದಾರೆ?’ ಎಂಬುದು ಮುಂದಿನ ಪ್ರಶ್ನೆ. 2011ರ ಜನಗಣತಿಯಂತೆ ದೇಶದಲ್ಲಿ 2 ಕೋಟಿ 68 ಲಕ್ಷ, ಕರ್ನಾಟಕದಲ್ಲಿಯೇ 13 ಲಕ್ಷಕ್ಕೂ ಹೆಚ್ಚು. ನಮ್ಮ ಕಾಲೇಜಿನಲ್ಲಿ ಬೆರಳೆಣಿಕೆಯಷ್ಟು ಎಂಬುದು ನಿಜ. ಆದರೆ ಬಾಗಿಲು ಕಿರಿದಾದಲ್ಲಿ ಒಳಗಿರುವವರನ್ನು ಎಣಿಸಿ, ಹೊರಗೆ ಯಾರೂ ಇಲ್ಲವೆಂದು ತೀರ್ಮಾನಿಸುವುದು ಯಾವ ಗಣಿತ? ಹಿಂದೆ ನಮ್ಮಂತಹ ಮನೆಗಳ ಬಗ್ಗೆಯೂ ಇದೇ ಲೆಕ್ಕ ಹಾಕುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನನಗಿಂತ ಮುಂಚೆ ಯಾರೂ ಬಾರದಿದ್ದುದು ನಮಗೆ ಓದಿನಲ್ಲಿ ಆಸೆಯಿಲ್ಲವೆಂದಲ್ಲ. ಊರಿಗೆ ಹೈಸ್ಕೂಲು ಬಂದ ಮೇಲೆ, ಹಾಸ್ಟೆಲು ದೊರೆತ ಮೇಲೆ, ಬಸ್ಸಿನ ಪಾಸು ಸಿಕ್ಕ ಮೇಲೆ ನಾವು ಬಂದೆವು. ಇವನ್ನೆಲ್ಲ ನಮಗೆ ಮಾಡಿದ ಉಪಕಾರವೆಂದು ನಮ್ಮ ಅಧ್ಯಾಪಕರು ಯಾವತ್ತೂ ಅಂದವರಲ್ಲ. ನಿಮ್ಮ ಪಾಲು ನಿಮಗೆ ಬಂತೆಂದರು. ಓದುಯಂತ್ರಕ್ಕೆ ಸಿಗುವ ಒಂದು ಪುಟವೂ ಅಂತಹುದೇ ಪಾಲು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಲ್ಲ ನಾಡು ನಮ್ಮದು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ಎಷ್ಟು ಜನರಿಗೆ ವಿದ್ಯೆ ಕೊಟ್ಟರೆಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಂಡು, ನೋಟೀಸನ್ನು ಮಾತ್ರ ಚಿತ್ರ ತೆಗೆದು ಹಾಕುತ್ತೇವೆ.

ಉಳಿದವರಿಗೂ ಇದರಿಂದ ಲಾಭವುಂಟು. ಅಡಿಬರಹವಿದ್ದರೆ ಗದ್ದಲದ ಬಸ್ಸಿನಲ್ಲಿಯೂ ಪಾಠ ನೋಡಬಹುದು. ಇಪ್ಪತ್ತು ಪುಟದ ಟಿಪ್ಪಣಿ ಚಿತ್ರವಾಗಿ ಬಂದರೆ ನಮ್ಮ ದಿನದ ಡೇಟಾ ಅದಕ್ಕೇ ಸವೆಯುತ್ತದೆ. ಅಕ್ಷರವಾಗಿ ಬಂದರೆ ಕ್ಷಣದಲ್ಲಿ ಇಳಿಯುತ್ತದೆ. ನನ್ನ ತಾಯಿಗೆ ಓದು ಬರಹ ಬಾರದು. ನಾನು ಬರೆದ ಒಂದು ಪ್ರಬಂಧವನ್ನು ಮೊಬೈಲಿನ ಯಂತ್ರಧ್ವನಿಯಲ್ಲಿ ಓದಿಸಿದಾಗ ಪೂರ್ತಿ ಕೇಳಿ, ‘ಯಾರಪ್ಪ ಈವಮ್ಮ, ಉಸಿರೇ ತಗೊಳ್ಳದೆ ಓದ್ತಾಳೆ?’ ಎಂದು ಕೇಳಿದಳು. ಆದರೆ ಈ ಲಾಭಗಳನ್ನು ಮುಂದಿಟ್ಟು ವಾದಿಸುವುದು ನನಗೆ ಅಷ್ಟಾಗಿ ಒಗ್ಗದು. ನಮಗೂ ಪ್ರಯೋಜನವಿದ್ದರೆ ಮಾತ್ರ ಅವರ ಪಾಲನ್ನು ಅವರಿಗೆ ಕೊಡುವುದೆಂದರೆ ಏನು ನ್ಯಾಯ?

ಹಣವಿಲ್ಲದ ಸಣ್ಣ ಕಾಲೇಜಿನಿಂದ ಹಾರ್ವರ್ಡಿನ ಏರ್ಪಾಡನ್ನು ನಿರೀಕ್ಷಿಸಬೇಕೆಂದು ನಾನು ಹೇಳುತ್ತಿಲ್ಲ. ಒಬ್ಬರೇ ಅಧ್ಯಾಪಕರು ಬಿಡುವಿನ ವೇಳೆಯಲ್ಲಿ, ತಮ್ಮ ಕೈಯಿಂದ ಖರ್ಚು ಮಾಡಿ ನಡೆಸುವ ತಾಣಕ್ಕೆ ನೂರು ನಿಯಮಗಳ ಪಟ್ಟಿ ಹಿಡಿದು ಹೋದರೆ ಅವರು ಆ ತಾಣವನ್ನೇ ಮುಚ್ಚಿಯಾರು. ಬರ್ಕ್ಲಿಯ ಕಥೆ ಇಲ್ಲಿ ಚಿಕ್ಕದಾಗಿ ಮರುಕಳಿಸೀತು. ಆದುದರಿಂದ ಹಳೆಯದು ಇದ್ದಂತೆ ಇರಲಿ. ಬೇಕೆಂದು ಕೇಳಿದವರಿಗೆ ಅದನ್ನು ಅಕ್ಷರ ಮಾಡಿಕೊಡುವ ಹೊಣೆ ಒಬ್ಬರ ಮೇಲಿರಲಿ, ಅವರ ಹೆಸರೂ ದೂರವಾಣಿಯೂ ತಾಣದಲ್ಲಿರಲಿ. ಹೊಸದಾಗಿ ಏರಿಸುವುದು ಮಾತ್ರ ಇಂದಿನಿಂದಲೇ ಸರಿಯಾಗಿರಬೇಕು. ಅದರಲ್ಲಿಯೂ ತಪ್ಪಿದರೆ ವರ್ಷ ಹಾಳಾಗುವಂತಹ ಪ್ರಕಟಣೆ, ಅರ್ಜಿ, ವೇಳಾಪಟ್ಟಿಗಳು ಮೊದಲು, ಟಿಪ್ಪಣಿಗಳು ಆಮೇಲೆ, ಉಪನ್ಯಾಸದ ಅಡಿಬರಹ ಅದರ ಬಳಿಕ. ಸಹಿಯ ಮೊಹರಿನ ಚಿತ್ರ ಬೇಕೇ ಬೇಕೆಂದರೆ ಹಾಕಲಿ, ಅದರ ಕೆಳಗೆ ಅದೇ ಒಕ್ಕಣೆಯನ್ನು ಯೂನಿಕೋಡಿನಲ್ಲಿಯೂ ಹಾಕಲಿ; ಹೇಗಿದ್ದರೂ ಅದನ್ನು ಮೊದಲು ಯಾರೋ ಅಚ್ಚು ಮಾಡಿಯೇ ಇರುತ್ತಾರಲ್ಲ. ತಾಣವನ್ನು ತೆರೆಯುವ ಮುನ್ನ ಮೌಸನ್ನು ಪಕ್ಕಕ್ಕಿಟ್ಟು ಕೀಲಿಮಣೆಯೊಂದರಿಂದಲೇ ಅರ್ಜಿಯನ್ನು ತುಂಬಲು ಆಗುವುದೇ ಎಂದು ನೋಡಲಿ. ಇದಕ್ಕೆ ಕಾಸಿನ ಖರ್ಚಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಉಪಯೋಗಿಸಬೇಕಾದವರನ್ನೇ ಕರೆದು ಕೂರಿಸಿ ಪರೀಕ್ಷಿಸಲಿ. ನನ್ನ ಗೆಳೆಯ ಹತ್ತು ನಿಮಿಷದಲ್ಲಿ ತೋರಿಸಿಕೊಟ್ಟುದನ್ನು ಕಣ್ಣುಳ್ಳ ನಾವು ಮೂವರು ವರ್ಷದಲ್ಲಿಯೂ ಕಂಡುಹಿಡಿಯುತ್ತಿರಲಿಲ್ಲ.

ಕಡೆಯದಾಗಿ ನಮ್ಮ ಸಂಪಾದಕ ಮಂಡಳಿಯಲ್ಲಿ ಒಂದು ವಿನಂತಿ. ಈ ವಾರ್ಷಿಕ ಸಂಚಿಕೆಯನ್ನು ಅಚ್ಚಾದ ಮೇಲೆ ಕಾಲೇಜಿನ ತಾಣಕ್ಕೂ ಏರಿಸುವುದು ವಾಡಿಕೆ. ಹಿಂದಿನ ಸಂಚಿಕೆಗಳೆಲ್ಲ ಅಲ್ಲಿ ಚಿತ್ರಗಳಾಗಿ ಇವೆ. ಮುದ್ರಣಾಲಯದವರನ್ನು ವಿಚಾರಿಸಿದೆ, ಅವರು ಜೋಡಿಸುವುದು ಹಳೆಯ ಸಂಕೇತದಲ್ಲಿಯೇ ಆದರೂ ಕಡತವನ್ನು ಕೊಡಲು ಅಡ್ಡಿಯಿಲ್ಲವೆಂದರು. ಅದನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಪುಕ್ಕಟೆ ದೊರೆಯುತ್ತದೆ. ಪರಿವರ್ತನೆಯಲ್ಲಿ ಅರ್ಕಾವೊತ್ತುಗಳೂ ಒತ್ತಕ್ಷರಗಳೂ ಅಲ್ಲಲ್ಲಿ ಸ್ಥಳ ತಪ್ಪುತ್ತವೆ. ಯಾರಾದರೂ ಕುಳಿತು ತಿದ್ದಬೇಕು. ಪರೀಕ್ಷೆ ಮುಗಿದ ಮೇಲೆ ನಾವು ಮೂವರು ಗೆಳೆಯರು ಗ್ರಂಥಾಲಯದಲ್ಲಿ ಕುಳಿತು ಆ ಕೆಲಸ ಮಾಡಲು ಸಿದ್ಧರಿದ್ದೇವೆ. ಕರಡನ್ನು ಕೇಳಿ ತಪ್ಪು ಹಿಡಿಯಲು ನಾಲ್ಕನೆಯವನು ಆಗಲೇ ಒಪ್ಪಿದ್ದಾನೆ. ಮಂಡಳಿಯವರು ಕಡತವನ್ನು ತರಿಸಿಕೊಟ್ಟರೆ ಸಾಕು.